ತಿಜೋರಿಯ ಕೆಳಗಿನ ಕಾಲುಂಗುರ

ಸಂಸ್ಥಾನಗಳು ಮುಗಿದ ವರ್ಷ ಶಿರಹಟ್ಟಿ ಕಚೇರಿಯ ತಿಜೋರಿಯನ್ನು ಧಾರವಾಡಕ್ಕೆ ಸಾಗಿಸಲು ಹುಕುಂ ಬಂತು. ಹಮಾಲರ ಮುಖಂಡ ಮಲಂಗಸಾಬ ಎಂಟು ಆಳು ತಂದ. ಕರೆಯದೆ ಬಂದವನು ಮುದುಕ ಹೊಳೆಯಪ್ಪ. ಮೂವತ್ತು ವರ್ಷದ ಹಿಂದೆ ಅದನ್ನು ಒಳಗೆ ಹೊತ್ತವರಲ್ಲಿ ಉಳಿದವನು ಅವನೊಬ್ಬನೇ.

ಆಗಿನ ಹೆಗಲುಗಳೇ ಬೇರೆ ಬಿಡಿ. ಗದಗ ಸ್ಟೇಷನ್ನಿನಿಂದ ನಾಲ್ಕೆತ್ತಿನ ಬಂಡಿ. ಸೊರಟೂರಲ್ಲಿ ಹೆಂಗಸರು ಎತ್ತಿಗೆ ನೀರು ಕುಡಿಸಿ ತಿಜೋರಿಗೆ ಕುಂಕುಮ ಹಚ್ಚಿದ್ದರು. ಲಕ್ಷ್ಮಿ ಬರಿನೆಲದ ಮೇಲೆ ಕೂರಬಾರದು, ಕೆಳಗೆ ಬೆಳ್ಳಿ ಇಡಬೇಕು ಎಂಬುದು ಹಮಾಲರ ಪದ್ಧತಿ. ಅಂದು ಯಾರ ಬಳಿಯೂ ಬೆಳ್ಳಿಯಿರಲಿಲ್ಲ. ಹೊಳೆಯಪ್ಪನ ಸೊಂಟದಲ್ಲಿ ಮಾತ್ರ ಹೊಸ ಹೆಂಡತಿ ದುರಗವ್ವನ ಕಾಲುಂಗುರ. ಸಡಿಲಾಗಿದೆ, ಪತ್ತಾರನಿಗೆ ಕೊಡು ಎಂದಿದ್ದಳು. ಹುರುಪಿನಲ್ಲಿ ಅದನ್ನೇ ಇಟ್ಟುಬಿಟ್ಟ. ಅವಳು ನಂಬಲಿಲ್ಲ. ಮಾರಿ ಕುಡಿದೆ ಅಂದಳು. ಮೂವತ್ತು ವರ್ಷವೂ ಅದನ್ನೇ ಅಂದಳು.

ಇವತ್ತು ನೋಡೇ ಬಿಡುತ್ತೇನೆಂದು ದುರಗವ್ವ ಕಚೇರಿಯ ಬಾಗಿಲಲ್ಲಿ ಕುಕ್ಕರಿಸಿದ್ದಳು.

“ಸರಿಯೋ ಮುದುಕಾ. ಕೆಳಗ ಜ್ವಾಳಾ ಚೆಲ್ಲಿ ಜಗ್ಗಿದ್ರ ಕಾಳಿನ ಮ್ಯಾಲ ಸರ್ರನ ಜಾರಿ ಬರತೈತಿ,” ಎಂದ ಮಲಂಗಸಾಬ.

“ಜಗ್ಗಬ್ಯಾಡೋ! ಉಂಗುರ ತೇದು ಹೋಗತೈತಿ. ಎತ್ರಿ.”

“ಮೂವತ್ತು ಮಣಾ ಎತ್ತಬೇಕ? ನಿನ್ನ ಹೆಂಡತಿ ಉಂಗುರಕ್ಕ?”

“ಕುಡದ ಉಂಗುರ ಎಲ್ಲಿ ಸಿಗತೈತೋ ತಮ್ಮಾ?” ಎಂದು ದುರಗವ್ವ ಬಾಗಿಲಿಂದ ಚುಚ್ಚಿದಳು.

ಹೊಳೆಯಪ್ಪ ಅವಳತ್ತ ನೋಡಲಿಲ್ಲ. “ಮಲಂಗ್ಯಾ, ನಿಮ್ಮಪ್ಪ ಇದ ಮೂಲಿಗೆ ಹೆಗಲ ಕೊಟ್ಟಿದ್ದ. ಅಂವ ಇದ್ದಿದ್ರ ಸಾಕ್ಷಿ ಹೇಳತಿದ್ದ,” ಎಂದ.

ಮಲಂಗಸಾಬ ಜೋಳದ ಚೀಲ ಬದಿಗಿಟ್ಟು ಹಾರೆ ತೆಗೆದುಕೊಂಡ. “ಹಾಕ್ರಲೇ ಹೆಗಲಾ!”

“ಐಸಾ!” ಎಂದು ಹೊಳೆಯಪ್ಪನೇ ಕೂಗಿದ, ಹಳೆಯ ದನಿಯಲ್ಲಿ. ತಿಜೋರಿಯ ಮೂಲೆ ನಾಲ್ಕು ಬೆರಳಿನಷ್ಟು ಎದ್ದಿತು. ಅವನು ಕೈ ತೂರಿಸಿದ.

“ಕೈ ತಗೀ ಮುದುಕಾ! ಉಂಗುರ ಹಾಳಾಗ್ಲಿ!” ದುರಗವ್ವ ಚೀರಿಕೊಂಡು ಓಡಿಬಂದಳು.

ಕೈ ಹೊರಬಂತು. ಅಂಗೈಯಲ್ಲಿ ಚಪ್ಪಟೆಯಾಗಿ, ಬೇವಿನೆಲೆಯಷ್ಟು ತೆಳ್ಳಗೆ, ಕರ್ರಗಿನ ಬೆಳ್ಳಿ.

ಅವಳು ಅದನ್ನು ಸೆರಗಿನಿಂದ ಉಜ್ಜಿದಳು, ಉಜ್ಜುತ್ತಲೇ ಇದ್ದಳು. ಕಡೆಗೆ, “ಕೈಗೇನರ ಆತೇನು?” ಎಂದಳು. ಅಷ್ಟೇ.

ಹೊರಗೆ ಬಂಡಿ ಸಜ್ಜಾಗಿತ್ತು. ಮಲಂಗಸಾಬ ತಲೆ ಕೆರೆದುಕೊಂಡ. “ಲಕ್ಷ್ಮಿನ್ನ ಬರಿ ಹಲಗಿ ಮ್ಯಾಲ ಹೆಂಗ ಕುಂಡರ್ಸೋದು? ಬೆಳ್ಳಿ ಯಾರ ಕಡೆ ಐತಿ?”

ಎಲ್ಲರೂ ದುರಗವ್ವನ ಕಡೆ ನೋಡಿದರು. ಅವಳು ಉಂಗುರವನ್ನು ಸೆರಗಿಗೆ ಕಟ್ಟಿ ಎರಡು ಗಂಟು ಬಿಗಿದಳು.

“ಈ ಸಲ ನಿಮ್ಮ ನಿಮ್ಮ ಹೆಂಡರನ್ನ ಕೇಳ್ರೆಪಾ.”