ಬಾಗಿಲ ಪಕ್ಕದ ಕುರ್ಚಿ

ಗಂಡ ಹೆಂಡತಿ ನಡೆಸುವ ನಮ್ಮ ಕ್ಷೌರದ ಅಂಗಡಿಯಲ್ಲಿ ಎರಡು ಕುರ್ಚಿಗಳಿವೆ. ಬಾಗಿಲ ಪಕ್ಕದ್ದು ನಮ್ಮವರದು, ಒಳಗಿನದು ನನ್ನದು. ಬಂದವರು ಮೊದಲು ಅವರ ಕುರ್ಚಿಯನ್ನೇ ದಾಟಬೇಕು. ದಾಟುತ್ತಾರೆ, ದಾಟಿ ಬಂದು ಬೆಂಚಿನ ಮೇಲೆ ಒತ್ತೊತ್ತಾಗಿ ಕೂರುತ್ತಾರೆ. ನಮ್ಮವರು ಬಟ್ಟೆ ಕೊಡವಿ, "ಬನ್ನಿ, ಇಲ್ಲಿ ಖಾಲಿ ಇದೆ," ಎನ್ನುತ್ತಾರೆ. ಬೆಂಚಿನವರು ಮೊಬೈಲಿನಿಂದ ತಲೆ ಎತ್ತದೆ, "ಪರವಾಗಿಲ್ಲ, ಅರ್ಜೆಂಟ್ ಏನಿಲ್ಲ," ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮನೆಯಲ್ಲಿ ಸ್ನಾನದ ನೀರು ಸ್ವಲ್ಪ ತಡವಾದರೆ ಕೂಗಾಡುವ ಗಂಡಸರಿಗೆ ಇಲ್ಲಿ ಮಾತ್ರ ಇಷ್ಟು ತಾಳ್ಮೆ ಎಲ್ಲಿಂದ ಬರುತ್ತದೋ.

ಈ ಕೆಲಸ ನನಗೆ ಕಲಿಸಿದವರು ನಮ್ಮವರೇ. ಭುಜಕ್ಕೆ ಪೆಟ್ಟಾಗಿ ಮನೆಯಲ್ಲಿ ಕೂತಾಗ, ಅಂಗಡಿ ಮುಚ್ಚಬಾರದೆಂದು ತಮ್ಮ ತಲೆಯನ್ನೇ ನನಗೊಪ್ಪಿಸಿ, ಕನ್ನಡಿಯಲ್ಲಿ ನೋಡುತ್ತಾ ಹೇಳಿಕೊಟ್ಟರು. "ಕತ್ತರಿ ಮಾತಾಡ್ಲಿ, ನೀನು ಸುಮ್ನಿರು," ಎಂದು ಬೈಯುತ್ತಿದ್ದರು. ಭುಜ ವಾಸಿಯಾಯಿತು, ಅವರು ಮರಳಿ ಬಂದರು. ಗಿರಾಕಿಗಳು ಮಾತ್ರ ಅವರ ಕುರ್ಚಿಗೆ ಮರಳಲಿಲ್ಲ. "ಅಕ್ಕನ ಕೈಗುಣ ಚೆನ್ನಾಗಿದೆ," ಎಂದರು ಒಬ್ಬರು. ಇನ್ನೊಬ್ಬ ಅವರೆದುರಿಗೇ, "ಗುರುವಿಗೇ ತಿರುಮಂತ್ರ ಹಾಕ್ಬಿಟ್ರಲ್ಲ ಅಕ್ಕ," ಎಂದು ಹಲ್ಲು ಕಿರಿದ. ನಮ್ಮವರೂ ನಕ್ಕರು. ಆ ನಗುವನ್ನು ನಾನು ನೋಡಬಾರದಿತ್ತು.

ಕಾಲೇಜಿನ ಮೇಷ್ಟ್ರೊಬ್ಬರು ನನ್ನ ಕುರ್ಚಿಯಲ್ಲಿ ಕೂತು ಉಪದೇಶ ಮಾಡುತ್ತಾರೆ. "ಸ್ಪರ್ಧೆ ಒಳ್ಳೇದಮ್ಮ. ಕಾಡಲ್ಲಿ ಮರ ಅಷ್ಟು ಎತ್ತರ ಬೆಳೆಯೋದು ಯಾಕೆ ಹೇಳು? ಪಕ್ಕದ ಮರ ಬಿಸಿಲು ಕಿತ್ಕೊಳ್ಳುತ್ತೆ ಅಂತ."

"ನಮ್ಮಲ್ಲಿ ಇಬ್ಬರ ದುಡ್ಡೂ ಒಂದೇ ಗಲ್ಲಾಕ್ಕೆ ಬೀಳೋದು ಸರ್."

"ಹಾಗಾದ್ರೆ ನಿನಗೇನಮ್ಮ ತೊಂದರೆ?"

ಪಕ್ಕದಲ್ಲಿ ನಮ್ಮವರು ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸುತ್ತಿದ್ದರು.

ಸೋತು ನೋಡೋಣ ಎಂದೂ ಪ್ರಯತ್ನಪಟ್ಟೆ. ಬ್ಯಾಂಕಿನ ಕಾವಲುಗಾರನಿಗೆ ಒಂದು ಕಿವಿಯ ಮೇಲೆ ಹೆಚ್ಚು, ಇನ್ನೊಂದರ ಮೇಲೆ ಕಡಿಮೆ ಬಿಟ್ಟು ಕತ್ತರಿಸಿದೆ. ಮರುದಿನವೇ ಆ ಪುಣ್ಯಾತ್ಮ ತನ್ನ ಭಾವಮೈದುನನನ್ನು ಕರೆತಂದು, "ಇವನಿಗೂ ಅದೇ ಸ್ಟೈಲ್ ಮಾಡಿ ಅಕ್ಕ," ಎಂದ. ತಲೆ ಚಚ್ಚಿಕೊಳ್ಳುವಂತಾಯಿತು. ಮಣಿಕಟ್ಟು ನೋವೆಂದು ಸುಳ್ಳು ಹೇಳಿ ಮನೆಯಲ್ಲಿ ಕೂತೆ. ಬಂದವರೆಲ್ಲ ಬಾಗಿಲಲ್ಲೇ ಇಣುಕಿ, "ಅಕ್ಕ ಇಲ್ವಾ?" ಎಂದು ಹೊರಟುಹೋದರಂತೆ, ಪಕ್ಕದ ಜೆರಾಕ್ಸ್ ಅಂಗಡಿಯಾಕೆ ಹೇಳಿದಳು. ನಮ್ಮವರು ಹೇಳಲಿಲ್ಲ. "ನಾಳೆ ಬಾ," ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ನನ್ನ ಗೆಲುವು ಗಂಟಲಲ್ಲಿ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಇಷ್ಟಾದರೂ ಅವರಿಗೆಂದು ಒಬ್ಬರಿದ್ದರು: ನಮ್ಮ ಮಾವ. ಇದೇ ಕಸುಬಿನಲ್ಲಿ ಮುದುಕರಾದವರು, ಮಗನಿಗೆ ಕತ್ತರಿ ಹಿಡಿಸಿದವರು. ದೊಡ್ಡ ಮಗನ ಮನೆಯಿಂದ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಎದ್ದೇಳುವ ತನಕ ತಪ್ಪು ಹುಡುಕುತ್ತಿದ್ದರು. "ಅಪ್ಪ ಬೇರೆ ಯಾರ ಕೈಗೂ ತಲೆ ಕೊಡಲ್ಲ," ಎಂದು ನಮ್ಮವರು ಬೆಂಚಿನವರಿಗೆಲ್ಲ ಕೇಳಿಸುವಂತೆ ಹೇಳುವರು. ಮಾವ ಬರುವ ದಿನ ಬೆಳಿಗ್ಗೆಯಿಂದಲೇ ಕತ್ತಿ ಮಸೆಯುವರು. ಆ ಒಂದು ತಲೆ ಇರುವವರೆಗೆ ನನ್ನ ಗಂಡ ಈ ಅಂಗಡಿಯಲ್ಲಿ ಕಸುಬುದಾರನೇ ಎಂದು ನಾನೂ ಧೈರ್ಯವಾಗಿದ್ದೆ.

ಈ ಸಲ ಮಾವ ಬಂದವರು ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೋಗಿ ಬೆಂಚಿನ ಮೇಲೆ ಕೂತರು.

"ಬನ್ನಿ ಅಪ್ಪ, ನೀರು ಬಿಸಿ ಇದೆ," ಎಂದರು ನಮ್ಮವರು.

"ಇರ್ಲಿ ಮಗಾ. ಇವಳ ಕೆಲಸ ಮುಗೀಲಿ."

ನನ್ನ ಕೈ ನಿಂತಿತು. "ಮಾವ, ನನ್ನ ಹತ್ರ ತುಂಬಾ ಹೊತ್ತಾಗುತ್ತೆ. ಅಲ್ಲೇ ಕೂತ್ಕೊಳ್ಳಿ," ಎಂದು ಕಣ್ಸನ್ನೆ ಮಾಡಿದೆ.

"ಕಾಯ್ತೀನಿ ಕಣಮ್ಮ." ಆಮೇಲೆ ಮಗನ ಕಡೆ ತಿರುಗಿ ಮೆಲ್ಲಗೆ, "ನಿನ್ನ ಕೈ ಭಾರ ಆಗಿದೆ ಕಣೋ. ನನ್ನ ಚರ್ಮ ಮೊದಲಿನ ಹಾಗಿಲ್ಲ. ಹೋದ ಸಲದ ಉರಿ ಬೇಗ ಹೋಗ್ಲೇ ಇಲ್ಲ," ಎಂದರು.

ನಿಜವೇ. ನಾನೂ ಕಂಡಿದ್ದೆ, ಬಾಯಿ ಬಿಟ್ಟಿರಲಿಲ್ಲ. ಕಾದು ಕಾದು ಸಿಕ್ಕಿದ ತಲೆ ಎಲ್ಲಿ ಎದ್ದು ಹೋಗುತ್ತದೋ ಎಂಬಂತೆ ನಮ್ಮವರು ಅದುಮಿ ಹಿಡಿಯುತ್ತಿದ್ದರು.

ಮಾವ ನನ್ನ ಕುರ್ಚಿಗೆ ಬಂದರು. ಗಲ್ಲಕ್ಕೆ, ಕುತ್ತಿಗೆಗೆ ನೊರೆ ಹಚ್ಚಿದೆ. ಕೆಡಿಸಿ ಸೋಲೋಣವೆಂದರೆ ಇದು ತಲೆಗೂದಲಲ್ಲ, ಮುದಿ ಕುತ್ತಿಗೆ. ಚರ್ಮ ಬೆರಳಿನಡಿ ಜಾರುತ್ತಿತ್ತು. ಚೆನ್ನಾಗಿ ಮಾಡದೆ ಬೇರೆ ದಾರಿಯೇ ಇರಲಿಲ್ಲ. ಉಸಿರು ಬಿಗಿಹಿಡಿದು ಕತ್ತಿ ಎಳೆದೆ. "ಹ್ಞಾಂ, ಹೀಗೆ," ಎಂದರು ಮಾವ. ಮಗನಿಗೆ ಅವರು ಆ ಮಾತನ್ನು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

ಆಗಲೇ ಒಬ್ಬರು ಒಳಗೆ ಬಂದರು. ಹೊಸಬರು, ಯಾರ ಕೈ ಹೇಗೆಂದು ಗೊತ್ತಿಲ್ಲದವರು. ನೇರವಾಗಿ ನಮ್ಮವರ ಕುರ್ಚಿಯಲ್ಲೇ ಕೂತು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸದ್ಯ, ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಕನ್ನಡಿಯಲ್ಲಿ ನಮ್ಮವರ ಕೈ ಬಟ್ಟೆಯ ಕಡೆ ಹೋದದ್ದು ಕಂಡಿತು, ಅಲ್ಲೇ ನಿಂತದ್ದೂ ಕಂಡಿತು.

"ಕನ್ನಡಕ ಹಾಕ್ಕೊಳ್ಳಿ ಸರ್," ಎಂದರು ನಮ್ಮವರು. "ಬೆಂಚು ತುಂಬಿದೆ, ಇಲ್ಲೇ ಕೂತು ಕಾಯ್ತಾ ಇರಿ. ಅವಳ ಕೈ ಖಾಲಿಯಾದ್ಮೇಲೆ ಕರೀತಾಳೆ."

ನಾನು ತಿರುಗಿ ಕೂಗಬೇಕಿತ್ತು. ಮಾವನ ಕುತ್ತಿಗೆಯ ಮೇಲೆ ಕತ್ತಿ ಇತ್ತು.