ಗಾಡಿ ನಡುಗಿತೆಂದು ಗಾಳಿ ಇಳಿಸಬೇಡಿ

ಮರಾಠಿ ಸೀಮೆಯ ಪಿಂಪಳಗಾಂವ್ ಬಸವಂತದಲ್ಲಿ ದ್ರಾಕ್ಷಿ ಸುಗ್ಗಿ ಬಂತೆಂದರೆ ಗಾಡಿಗಳ ಗೋಳೂ ಬಂತೆಂದೇ ಲೆಕ್ಕ. ಒಬ್ಬನ ಗಾಡಿ ಬ್ರೇಕ್ ಹಿಡಿಯದು, ಇನ್ನೊಬ್ಬನದು ಹೊಗೆ ಬಿಡುವುದು ನಿಲ್ಲಿಸದು. ನಿಂಗಣ್ಣನ ಮನೆಯ ಪಿಕಪ್ಪಿಗೆ ಹತ್ತಿಕೊಂಡದ್ದು ನಡುಕದ ರೋಗ. ತೋಟದ ದಾರಿಯಲ್ಲಿ ಸಾಧುವಾಗಿ ಹೋಗುವ ಗಾಡಿ, ಹೆದ್ದಾರಿಯಲ್ಲಿ ವೇಗ ಅರವತ್ತು ದಾಟಿದೊಡನೆ ಸ್ಟೇರಿಂಗ್ ಗಡಗಡ ನಡುಗಿಸುತ್ತಿತ್ತು.

ನಿಂಗಣ್ಣ ಇಂಡಿ ಕಡೆಯವನು. ಅರ್ಧ ಆಯುಷ್ಯ ಲಾರಿ ಓಡಿಸಿ ಇಲ್ಲೇ ನೆಲೆ ನಿಂತವನು. ಮೊಣಕಾಲು ಕೈಕೊಟ್ಟ ಮೇಲೆ ಸ್ಟೇರಿಂಗ್ ಬಿಟ್ಟ, ವಿದ್ಯೆ ಬಿಡಲಿಲ್ಲ. ಮಗನಿಗೆ ಗಾಡಿಯ ಗಂಧಗಾಳಿ ಇಲ್ಲ, ಅವನು ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಹೀಗಾಗಿ ಸೊಸೆ ನೀಲಾಂಬಿಕಾಳಿಗೇ ಗಾಡಿ ಕಲಿಸಿದ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಕೇರಿಯವರು ನಕ್ಕರು. ಈಗ ಅವಳು ಪ್ರೇಮಾಬಾಯಿಯ ತೋಟದ ದ್ರಾಕ್ಷಿ ಹೇರಿಕೊಂಡು ಔರಂಗಾಬಾದ್ ಮಾರುಕಟ್ಟೆಗೆ ಹೊರಟರೆ, ನಿಂಗಣ್ಣ ಬೇಕೆಂದೇ ಚಹಾದಂಗಡಿಯ ಮುಂದೆ ನಿಂತು, ನಕ್ಕವರಿಗೆಲ್ಲ ಕಾಣುವಂತೆ ಕೈ ಬೀಸುತ್ತಾನೆ. ಅವನ ಎದೆ ಅಷ್ಟು ಉಬ್ಬಿರುತ್ತದೆ.

ಆ ಎದೆಗೇ ಈಗ ಏಟು ಬಿದ್ದಿತ್ತು. ದ್ರಾಕ್ಷಿ ನಾಜೂಕಿನ ಹಣ್ಣು. ಗಾಡಿ ನಡುಗಿದರೆ ಗೊಂಚಲು ಬಿಟ್ಟು ಉದುರುತ್ತದೆ. ಕ್ರೇಟಿನ ತಳದಲ್ಲಿ ಉದುರಿದ ಹಣ್ಣು ಕಂಡರೆ ಕೊಳ್ಳುವವರು ಮುಖ ತಿರುಗಿಸುತ್ತಾರೆ. ಇನ್ನೊಂದು ಲೋಡು ಹೀಗೇ ಆದರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದು ಪ್ರೇಮಾಬಾಯಿ ಹೇಳಿಬಿಟ್ಟಳು. ಪ್ಯಾಕಿಂಗ್ ಶೆಡ್ಡಿನವರಂತೂ, ಹೆಂಗಸಿನ ಕೈಗೆ ಗಾಡಿ ಕೊಟ್ಟರೆ ಮತ್ತೇನಾದೀತು ಎಂದು ಆಡಿಕೊಂಡರು. ಬಾಡಿಗೆ ಹೋಗುವುದಕ್ಕಿಂತ ಆ ಮಾತು ನಿಂಗಣ್ಣನನ್ನು ಹೆಚ್ಚು ನೋಯಿಸಿತು. ಅವಳ ಕೈಗೆ ಅಂದದ್ದು ಅವನು ಕಲಿಸಿದ ವಿದ್ಯೆಗೆ ಅಂದಂತೆ.

ದ್ರಾಕ್ಷಿ ಹೇರುವ ಹಳೇ ಡ್ರೈವರುಗಳ ಹತ್ತಿರ ಇದಕ್ಕೊಂದು ಮದ್ದಿತ್ತು. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಗಾಡಿ ಮೆತ್ತಗೆ ಹೋಗುತ್ತದೆ, ಹಣ್ಣಿಗೆ ಪೆಟ್ಟು ತಾಗುವುದಿಲ್ಲ ಎನ್ನುವರು. ನಿಂಗಣ್ಣನೂ ಅದನ್ನೇ ಹೇಳಿದ, ನೀಲಾಂಬಿಕಾ ಹಾಗೇ ಮಾಡಿದಳು. ಖಾಲಿ ಗಾಡಿಯನ್ನು ಹೆದ್ದಾರಿಗೆ ತಂದು ನೋಡಿದರೆ ನಡುಕ ಇದ್ದಂತೆಯೇ ಇತ್ತು. ಇಳಿದು ಟೈರು ಮುಟ್ಟಿದಳು, ಕಾದ ಹಂಚಿನಷ್ಟು ಬಿಸಿ. ಅವಳಿಗೆ ಭಯವಾಯಿತು. ಗಾಡಿಯನ್ನು ನಿಧಾನಕ್ಕೆ ಮಹಿಬೂಬನ ಟೈರಂಗಡಿಗೆ ತಂದಳು, ಮಾವನಿಗೂ ಹೇಳಿ ಕಳಿಸಿದಳು.

ಮಹಿಬೂಬ ಸಿಂದಗಿಯವನು. ಮೊದಲು ಗಾಲಿ ಎತ್ತಿ ತಿರುಗಿಸಿ ನೋಡಿದ. ರಿಮ್ ನೆಟ್ಟಗಿತ್ತು, ಬೇರಿಂಗ್ ಗಟ್ಟಿಯಿತ್ತು, ಟೈರಿನಲ್ಲಿ ಉಬ್ಬು ಇರಲಿಲ್ಲ. ಆದರೆ ಸಮತೂಕಕ್ಕೆಂದು ರಿಮ್ಮಿನ ಅಂಚಿಗೆ ಬಡಿದಿದ್ದ ಸೀಸದ ತುಂಡುಗಳು ಬಹುಪಾಲು ಮಾಯವಾಗಿದ್ದವು. ತೋಟದ ದಾರಿಯ ಕಲ್ಲು, ಎರೆಮಣ್ಣು ಅವನ್ನು ಕಿತ್ತು ಹಾಕಿದ್ದವು. ಎಷ್ಟು ಸಲ ಬಡಿದರೂ ಆ ದಾರಿ ಅವನ್ನು ಉಳಿಸುತ್ತಿರಲಿಲ್ಲ. ಮಹಿಬೂಬ ಒಳಗೆ ಹೋಗಿ ಒಂದು ಪೊಟ್ಟಣ ತಂದ. ಅದರಲ್ಲಿ ಸಾಸಿವೆಗಿಂತ ಸಣ್ಣ, ನುಣ್ಣನೆಯ ಮಣಿಗಳಿದ್ದವು. ಇವನ್ನು ಟೈರಿನೊಳಗೆ ಹಾಕುತ್ತೇನೆ ಎಂದ.

ಅಷ್ಟರಲ್ಲಿ ಕುಂಟುತ್ತ ಬಂದ ನಿಂಗಣ್ಣ ಆ ಪೊಟ್ಟಣ ನೋಡಿ ಮುಖ ಸಿಂಡರಿಸಿದ.

“ಟೈರಿನ್ಯಾಗ ಗಾಳಿ ಹಾಕೂದು ಕೇಳೇನಿ, ಕಾಳು ಬಿತ್ತೂದು ಇವತ್ತ ನೋಡಾಕತ್ತೇನಿ,” ಎಂದ. “ಇದರ ಬದಲಿ ಗೋದಾವರಿ ಉಸುಕ ತುಂಬಿದ್ರ ಆಗೂದಿಲ್ಲೇನು?”

“ಉಸುಕ ಹಾಕಬ್ಯಾಡ್ರಿ ಕಾಕಾ,” ಮಹಿಬೂಬ ನಗುತ್ತಲೇ ಹೇಳಿದ. “ಉಸುಕಿಗೆ ನೀರಿನ ಪಸಿ ಹತ್ತಿದ್ರ ಗಡ್ಡಿ ಕಟ್ಟತೈತಿ, ಒಳಗಿನ ರಬ್ಬರ್ ತಿಂತೈತಿ. ಗಾಲಿ ಒಂದ ಕಡೆ ಭಾರ ಆದ್ರ ಜಿಗೀತೈತಿ. ಜೋರಾಗಿ ತಿರಗುವಾಗ ಈ ಮಣಿ ತಾವ ಹಗುರ ಇದ್ದ ಕಡೆ ಹೋಗಿ ಕೂಡತಾವು, ಭಾರ ಸಮ ಆಗತೈತಿ. ಒಳಗ ಇರತಾವು, ಕಲ್ಲು ಬಡದು ಉದುರಂಗಿಲ್ಲ.”

ನಿಂಗಣ್ಣ ನಂಬಲಿಲ್ಲ. ಆಗ ನೀಲಾಂಬಿಕಾ ಬಾಯಿ ಬಿಟ್ಟಳು.

“ಮಾವಾರ, ತಲಿಮ್ಯಾಲಿನ ಕೊಡ ಆ ಕಡೆ ವಾಲಿದ್ರ ನಮ್ಮ ಸೊಂಟ ಈ ಕಡೆ ತಾನ ವಾಲತೈತಲ್ರಿ? ಹಂಗ ಅನಸತೈತಿ. ಒಂದ ಸಲ ನೋಡೂಣ್ರಿ.”

ಆಗಲಿ, ಹಾಕು ಎಂದು ನಿಂಗಣ್ಣ ಒಪ್ಪಿದ. ಗಾಳಿ ಇಳಿಸಿದ ಸಂಗತಿಯನ್ನು ನೀಲಾಂಬಿಕಾ ಹೇಳಿದಾಗ ಮಾತ್ರ ಮಹಿಬೂಬನ ನಗು ಹೋಯಿತು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಮಡಚಿ ಮಡಚಿ ಕಾಯುತ್ತದೆ, ಲೋಡಿನ ಗಾಡಿ ಬಿಸಿಲಿನಲ್ಲಿ ಓಡುವಾಗ ಒಡೆದರೆ ಜೀವವೇ ಹೋಗುತ್ತದೆ ಎಂದ. ನಿಂಗಣ್ಣ ಸೊಸೆಯ ಮುಖ ನೋಡಿ ತಲೆ ತಗ್ಗಿಸಿದ.

ಇದು ಟ್ಯೂಬ್ ಇಲ್ಲದ ಟೈರು, ಹಾಗಾಗಿ ಮಣಿ ಹಾಕಬಹುದಿತ್ತು. ಮಹಿಬೂಬ ಉಳಿದ ಸೀಸ ತೆಗೆದ, ಟೈರಿನ ಒಳಭಾಗ ಒಣಗಿಸಿ ಒರೆಸಿದ, ಟೈರಿನ ಅಳತೆಗೆ ಎಷ್ಟು ಬೇಕೋ ಅಷ್ಟೇ ತೂಗಿ ಹಾಕಿದ. ಮಣಿ ಸಿಕ್ಕಿಕೊಂಡು ಗಾಳಿ ಸೋರದಂತೆ ವಾಲ್ವಿಗೆ ಸಣ್ಣ ಜಾಲರಿ ಕೂರಿಸಿದ. ಆಮೇಲೆ ಕಂಪನಿ ಹೇಳಿದಷ್ಟೇ ಗಾಳಿ ತುಂಬಿದ.

ಮರುದಿನ ಪ್ರೇಮಾಬಾಯಿಯ ಲೋಡಿನೊಂದಿಗೆ ನಿಂಗಣ್ಣನೂ ಹೊರಟ. ನಿಧಾನಕ್ಕೆ ಹೋಗುವಾಗ ಟೈರಿನೊಳಗೆ ಸರಸರ ಸದ್ದಾಯಿತು. ನಾನು ಹೇಳಲಿಲ್ಲವೇ ಎನ್ನುವಂತೆ ಅವನು ಸೊಸೆಯತ್ತ ನೋಡಿದ. ವೇಗ ಬರಲಿ ಎಂದಷ್ಟೇ ಅವಳು ಹೇಳಿದಳು. ಯೇವಲಾ ದಾಟಿದ ಮೇಲೆ ರಸ್ತೆ ಬಿಚ್ಚಿಕೊಂಡಿತು. ಮುಳ್ಳು ಅರವತ್ತು ದಾಟಿತು. ನಿಂಗಣ್ಣ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟ. ಗಾಡಿ ಹದವಾಗಿ ಓಡುತ್ತಿತ್ತು. ವೈಜಾಪುರ ಬರುವವರೆಗೂ ಅವನು ಕೈ ತೆಗೆಯಲಿಲ್ಲ.

ಪ್ರೇಮಾಬಾಯಿ ತಾನೇ ಮಾರುಕಟ್ಟೆಗೆ ಬಂದು ಕಾದಿದ್ದಳು. ಒಂದೊಂದೇ ಕ್ರೇಟಿನ ತಳ ನೋಡಿದಳು. ಅಲ್ಲೊಂದು ಇಲ್ಲೊಂದು ಬಿಟ್ಟರೆ ಹಣ್ಣು ಉದುರಿರಲಿಲ್ಲ. ಈ ಸುಗ್ಗಿ ಪೂರ್ತಿ ಇದೇ ಗಾಡಿ ಎಂದಳು. ನಿಂಗಣ್ಣನನ್ನು ಕಂಡು, ಅವನೇ ಗಾಡಿ ಓಡಿಸಿ ತಂದನೆಂದುಕೊಂಡು, ಅನುಭವದ ಕೈ ಎಂದರೆ ಇದು ಎಂದು ಮರಾಠಿಯಲ್ಲಿ ಹೊಗಳಿದಳು. ಸುತ್ತಲಿನ ಹಮಾಲರೂ ತಲೆ ಆಡಿಸಿದರು. ಸುಮ್ಮನಿದ್ದರೆ ಆ ಮರ್ಯಾದೆ ಅವನದೇ ಆಗುತ್ತಿತ್ತು. ಅವನು ಸೊಸೆಯನ್ನು ಮುಂದಕ್ಕೆ ಕರೆದ. ಮೊದಲು ಕನ್ನಡದಲ್ಲಿ, ಆಮೇಲೆ ತನ್ನ ಹರುಕುಮುರುಕು ಮರಾಠಿಯಲ್ಲಿ ಹೇಳಿದ:

“ನಾ ಬರೇ ಕುಂತ ಬಂದೇನ್ರಿ. ಗಾಡಿ ಹೊಡದಾಕಿ ಈಕಿ, ನನ್ನ ಸೊಸಿ. ಗಾಳಿ ಇಳಸು ಅಂದಾಂವ ನಾ, ಟೈರ್ ಬಿಸಿ ನೋಡಿ ಗಾಡಿ ನಿಲ್ಲಿಸಿದಾಕಿ ಈಕಿ. ತಪ್ಪು ಗಾಲೀದಿತ್ತು, ನಂದಿತ್ತು. ಈಕಿ ಕೈದು ಎಂದೂ ಇದ್ದಿಲ್ಲ.”

ನೀಲಾಂಬಿಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪ್ರೇಮಾಬಾಯಿ ಮುಂದಿನ ಲೋಡಿನ ಮಾತನ್ನು ಅವಳ ಜೊತೆಗೇ ಆಡಿದಳು.

ಗಾಡಿಯನ್ನೇ ನಂಬಿ ಬದುಕುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿ ನಡುಗಿದರೆ ಗಾಳಿ ಇಳಿಸಬೇಡಿ. ಮೊದಲು ರಿಮ್, ಬೇರಿಂಗ್, ಟೈರು ತೋರಿಸಿ. ಡೊಂಕು ರಿಮ್ಮಿಗೂ ಸವೆದ ಟೈರಿಗೂ ಮಣಿ ಮದ್ದಲ್ಲ, ಅವನ್ನು ಬದಲಿಸಲೇಬೇಕು. ಅವೆಲ್ಲ ಸರಿಯಿದ್ದೂ ಸಮತೂಕ ತಪ್ಪಿದ್ದರೆ, ನಿಮ್ಮ ಟೈರಿಗೆ ಮಣಿ ಹೊಂದುತ್ತದೆಯೇ ಎಂದು ಬಲ್ಲವರನ್ನು ಕೇಳಿ, ಸರಿಯಾದ ಅಳತೆಯಲ್ಲಿ ಹಾಕಿಸಿ. ಉಸುಕು, ಬೇರಿಂಗಿನ ಛರ್ರೆ ಗುಂಡು ತುಂಬುವ ಸಾಹಸ ಬೇಡ. ಮತ್ತೆ ಒಂದು ಮಾತು: ಸ್ಟೇರಿಂಗ್ ಹಿಡಿದ ಕೈಯನ್ನು ದೂರುವ ಮೊದಲು, ಇಳಿದು ಗಾಲಿ ನೋಡಿ.