ಫ್ರಿಜ್ಜಿನೊಳಗಿನ ದಾಸವಾಳ

ಫ್ರಿಜ್ಜಿನ ಬಾಗಿಲು ತೆಗೆದರೆ ಅಮ್ಮನ ಇನ್ಸುಲಿನ್ ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ, ಹತ್ತಿಯ ಮೆತ್ತೆಯ ಮೇಲೆ, ತಟ್ಟೆಯಷ್ಟು ಅಗಲದ ದಾಸವಾಳವೊಂದು ಮಹಾರಾಜನ ಹಾಗೆ ಕೂತಿತ್ತು. ಹಳದಿ ಎಸಳು, ನಡುವೆ ನೇರಳೆ ಮಚ್ಚೆ. ಹಾಲು, ಮೊಸರು, ತರಕಾರಿ ಎಲ್ಲ ಕೆಳಗಿನ ಶೆಲ್ಫಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

ಇದು ಕಾರ್ಯದರ್ಶಿಯ ಕೆಲಸವೆಂದು ಯಾರನ್ನೂ ಕೇಳದೆಯೇ ಅವಳಿಗೆ ಗೊತ್ತಾಯಿತು. ಕಾರ್ಯದರ್ಶಿ ಎಂದರೆ ಅವಳ ಗಂಡ. ದಾಸವಾಳ ಪ್ರೇಮಿಗಳ ಸಂಘದಲ್ಲಿ ಆ ಹುದ್ದೆ ಸಿಕ್ಕಾಗಿನಿಂದ ಮನೆಯಲ್ಲೂ ಅದೇ ಗತ್ತು. ಒಂದು ಹೂವಿನ ಪರಾಗವನ್ನು ಕುಂಚದಿಂದ ಇನ್ನೊಂದಕ್ಕೆ ಸವರಿ, ಗುರುತಿಗೆ ದಾರ ಕಟ್ಟಿ, ಬೀಜ ಬಿತ್ತಿ, ವರ್ಷಗಟ್ಟಲೆ ಕಾದು ಈ ಹೊಸ ತಳಿ ಮಾಡಿದ್ದ. ಮಾಡಿದ್ದೇನು, ಜೇನುನೊಣ ಸದ್ದಿಲ್ಲದೆ ಮಾಡುವ ಕೆಲಸವನ್ನು ಇವನು ಭಾಷಣ ಸಮೇತ ಮಾಡಿದ್ದ, ಅಷ್ಟೆ. ಗೇಟಿನ ಪಕ್ಕದ ಕೆಂಪು ದಾಸವಾಳದ ಎಲೆ ಅರೆದು ಅವಳ ಅಮ್ಮ ತಲೆಗೆ ಹಚ್ಚಿಕೊಂಡರೆ, "ಅದು ಬೇಲಿ ಜಾತಿ" ಎಂದು ಮೂಗು ಮುರಿಯುತ್ತಿದ್ದ.

ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಹೊಸ ಗಿಡದ ಮೊದಲ ಹೂವು ಅರಳಿದ್ದು ಇವತ್ತು, ಪ್ರದರ್ಶನ ಇರುವುದು ನಾಳೆ. ತಣ್ಣಗಿಟ್ಟರೆ ಹೂವು ಇನ್ನೊಂದು ದಿನ ಮುದುಡದೆ ತಡೆಯುತ್ತದೆ ಎಂಬುದು ಸಂಘದವರೆಲ್ಲ ಬಲ್ಲ ಉಪಾಯ.

ಡಬ್ಬಿ ಒಲೆಯ ಪಕ್ಕದ ಕಟ್ಟೆಯ ಮೇಲಿತ್ತು. ಮುಟ್ಟಿದರೆ ಬಿಸಿ. ಹೊಲಿಗೆ ಅಂಗಡಿಯಿಂದ ಊಟಕ್ಕೆ ಬಂದಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಅಮ್ಮಾ, ಇದನ್ನ ಯಾರು ಹೊರಗಿಟ್ಟಿದ್ದು?"

"ನಾನೇ ತೆಗೆದುಕೊಟ್ಟೆ ಕಣೇ. ಅಳಿಯಂದ್ರು ಜಾಗ ಬೇಕು ಅಂದ್ರು. ಒಂದಿನ ತಾನೇ? ಪಾಪ, ಎಷ್ಟು ಆಸೆಯಿಂದ ಬೆಳೆಸಿದಾರೆ."

"ಇದು ಕೆಟ್ಟರೆ ನಿನ್ನ ಗತಿ ಏನು? ಹೋದ ಸಲ ಆಸ್ಪತ್ರೇಲಿ ಎಚ್ಚರ ಇಲ್ಲದೆ ಮಲಗಿದ್ದು ಮರೆತೇಹೋಯ್ತಾ?"

"ಅವರ ಮನೇಲಿ ಇದ್ಕೊಂಡು ಬೇಡ ಅನ್ನೋಕಾಗುತ್ತಾ?" ಎಂದಳು ಅಮ್ಮ, ಗೋಡೆಯ ಕಡೆ ನೋಡುತ್ತ.

ಔಷಧಿ ಅಂಗಡಿಯವನು ಸೀಸೆಯನ್ನು ಬೆಳಕಿಗೆ ಹಿಡಿದು, "ಇದನ್ನ ನಂಬ್ಕೋಬೇಡಿ, ಬಿಸಾಕಿ" ಎಂದ. ಅವಳು ಹೊಸ ಡಬ್ಬಿ ತಂದು ಮೇಲಿನ ಶೆಲ್ಫಿನ ನಟ್ಟನಡುವೆ ಇಟ್ಟಳು. ದಾಸವಾಳವನ್ನು ಹತ್ತಿ ಸಮೇತ ಎತ್ತಿ ಒಲೆಯ ಪಕ್ಕದ ಕಟ್ಟೆಗೆ ಸೇರಿಸಿದಳು. ನಿಜ ಹೇಳಬೇಕೆಂದರೆ ಹಿತವಾಗಿತ್ತು.

ಸಂಜೆ ಕಾರ್ಯದರ್ಶಿ ಸಂಘದ ಅಧ್ಯಕ್ಷರನ್ನೇ ಮನೆಗೆ ಕರೆತಂದ. ಅಧ್ಯಕ್ಷರಿಗೆ ದಾಸವಾಳಕ್ಕೂ ಹೂಕೋಸಿಗೂ ಇರುವ ವ್ಯತ್ಯಾಸ ಗೊತ್ತಿತ್ತೋ ಇಲ್ಲವೋ, ಹಾರ ಹಾಕಿಸಿಕೊಳ್ಳುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಗಂಡ ನಾಟಕದ ಪರದೆ ಎಳೆಯುವವನಂತೆ ಫ್ರಿಜ್ಜಿನ ಬಾಗಿಲು ಎಳೆದ. ಮೇಲಿನ ಶೆಲ್ಫಿನಲ್ಲಿ ಇನ್ಸುಲಿನ್ ಡಬ್ಬಿ ಒಂದೇ ಇತ್ತು.

"ಹೂವೆಲ್ಲೇ?"

"ಒಲೆ ಪಕ್ಕದಲ್ಲಿದೆ, ನೋಡಿ."

ಹೂವು ಮಡಿಸಿದ ಕೊಡೆಯ ಹಾಗೆ ಸುರುಳಿ ಸುತ್ತಿಕೊಂಡಿತ್ತು.

"ತಲೆ ನೆಟ್ಟಗಿದೆಯೇನೇ ನಿಂಗೆ? ಇದ್ದಿದ್ದೇ ಒಂದು ಹೂವು! ಔಷಧಿ ಒಂದಿನ ಹೊರಗಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅಮ್ಮ ಹೋಗ್ತಿದ್ಲು" ಎಂದಳು ಅವಳು.

ಅಧ್ಯಕ್ಷರು ಒಮ್ಮೆ ಕೆಮ್ಮಿದರು. ಎಲ್ಲೋ ಹೋಗಬೇಕಾದದ್ದು ಇದ್ದಕ್ಕಿದ್ದಂತೆ ನೆನಪಾಗಿ ಚಪ್ಪಲಿ ಹುಡುಕಿದರು.

ಗಂಡ ಊಟದ ಮೇಜಿನ ಮುಂದೆ ಕೂತು ಎಸಳುಗಳನ್ನು ಉಗುರಿನಿಂದ ಬಿಡಿಸಲು ನೋಡಿದ. ಒಂದು ಹರಿಯಿತು. ಅವನ ಕಣ್ಣಲ್ಲಿ ನೀರು ತುಂಬಿತು. ಅಮ್ಮ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಈ ಮನುಷ್ಯ ಗೊಬ್ಬರ ಹಾಕುವ ಹೊತ್ತಾಯಿತೆಂದು ಮನೆಗೆ ಬಂದಿದ್ದ. ಇಂಥವನಿಗೆ ಇಷ್ಟು ವರ್ಷ ಹೆದರಿಕೊಂಡು ಬಾಳಿದೆನಲ್ಲ ಎಂದು ಅವಳಿಗೆ ತನ್ನ ಮೇಲೂ ಅಸಹ್ಯ ಹುಟ್ಟಿತು.

ಹಿಂದೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದಾಯಿತು. ಅವಳು ತಿರುಗಿ ನೋಡಿದಳು. ಅಮ್ಮ ಒಂದು ಕೈಯಲ್ಲಿ ಬಾಗಿಲು ಹಿಡಿದು ನಿಂತಿದ್ದಳು. ಇನ್ನೊಂದು ಕೈಯಿಂದ ಹೊಸ ಡಬ್ಬಿಯನ್ನು ಮೆಲ್ಲಗೆ ಮೂಲೆಗೆ ಸರಿಸಿ, ನಡುವೆ ಖಾಲಿಯಾದ ಜಾಗವನ್ನು ಅಂಗೈಯಿಂದ ಒರೆಸುತ್ತಿದ್ದಳು.